ಚೆನ್ನಪ್ಪಣ್ಣನ ಕಿವಿಯೂ ಹಸಿರು ಕಾರಿನ ಪಂಪೂ

ಕುಲಶೇಖರದಲ್ಲಿ ಚೆನ್ನಪ್ಪಣ್ಣನ ಗ್ಯಾರೇಜು ಎಲ್ಲಿ ಎಂದು ಕೇಳಿದವರಿಗೆ ಜನ ದಾರಿ ತೋರಿಸುವುದರ ಜೊತೆಗೆ ಇನ್ನೊಂದು ಮಾತನ್ನೂ ಸೇರಿಸುತ್ತಿದ್ದರು: ಬಾನೆಟ್ ಎತ್ತುವ ಮೊದಲೇ ರೋಗ ಹೇಳುವ ಮನುಷ್ಯ ಅವರು ಎಂದು. ಅದರಲ್ಲಿ ಉತ್ಪ್ರೇಕ್ಷೆ ಸ್ವಲ್ಪವೇ. ಗಾಡಿ ಅಡ್ಡರಸ್ತೆಯ ತಿರುವಿನಲ್ಲಿ ಗೇರು ಇಳಿಸುವಾಗಲೇ ಅವರು ಕೈಯಲ್ಲಿದ್ದ ಕೆಲಸ ಬಿಟ್ಟು, ಇದು ಬೇರಿಂಗು, ಇದು ಬೆಲ್ಟು ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಬೇಕಾದ ಸ್ಪ್ಯಾನರನ್ನು ಎತ್ತಿಟ್ಟುಕೊಳ್ಳುತ್ತಿದ್ದರು.

ಆ ಕಿವಿ ಪಳಗಿದ್ದು ಸಿಟಿ ಬಸ್ಸುಗಳ ಶೆಡ್ಡಿನಲ್ಲಿ. ಹದಿನೇಳರ ವಯಸ್ಸಿಗೆ ಅವರು ಅಲ್ಲಿ ಕೆಲಸಕ್ಕೆ ಸೇರಿದಾಗ ಮೀಟರು, ಗೇಜು ಎಂಬ ಪದಾರ್ಥಗಳೇ ಇರಲಿಲ್ಲ. ಹಿರಿಯ ಮೆಕ್ಯಾನಿಕ್ ಒಬ್ಬರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನಿಗೂ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೂ ಒತ್ತಿ ಕೇಳುವುದನ್ನು ಕಲಿಸಿದರು. ಆಮೇಲೆ ಹತ್ತೊಂಬತ್ತು ವರ್ಷ ಬಹರೈನಿನಲ್ಲಿ. ಅಲ್ಲಿನ ಗ್ಯಾರೇಜಿಗೆ ಬರುತ್ತಿದ್ದದ್ದು ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ ಎರಡು ಸೀಟಿನ ಕಾರುಗಳು. ಅಲ್ಲಿಯೂ ಅರ್ಥವಾಗದ ಸದ್ದು ಬಂತೆಂದರೆ ಯಜಮಾನ ಕರೆಯುತ್ತಿದ್ದದ್ದು ಚೆನ್ನಪ್ಪಣ್ಣನನ್ನೇ.

ಅದೇ ಗ್ಯಾರೇಜು ಆ ಕಿವಿಯನ್ನು ತಿಂದದ್ದೂ ಹೌದು. ಗಾಳಿಯ ಕಂಪ್ರೆಸರು, ಚಕ್ರದ ನಟ್ಟು ಬಿಚ್ಚುವ ಗನ್ನು, ತಗಡಿನ ಮಾಡಿನ ಕೆಳಗೆ ದಿನಕ್ಕೆ ಹತ್ತು ಗಂಟೆ. ಕಿವಿ ಮುಚ್ಚಿಕೊಂಡು ಕೆಲಸ ಮಾಡಬೇಕೆಂದು ಆಗ ಯಾರೂ ಹೇಳಲಿಲ್ಲ, ಹೇಳಿದ್ದರೂ ಅವರು ಕೇಳುತ್ತಿರಲಿಲ್ಲ. ಊರಿಗೆ ಮರಳಿ ಸ್ವಂತ ಶೆಡ್ಡು ಹಾಕಿ ಹನ್ನೆರಡು ವರ್ಷವಾಗುವಾಗ, ಸೊಳ್ಳೆಯ ಕಾಟ ತಡೆಯಲಾಗುವುದಿಲ್ಲ ಎಂದು ಹೆಂಡತಿ ವಾರಿಜ ಗೊಣಗಿದರೆ, ಸೊಳ್ಳೆ ಎಲ್ಲಿ ಎಂದು ಅವರು ಕೇಳುವ ಹಾಗಾಯಿತು. ಸೊಳ್ಳೆ ಕಚ್ಚುತ್ತಿತ್ತು, ಹಾಡುತ್ತಿರಲಿಲ್ಲ. ಮಗಳು ಭವ್ಯಶ್ರೀ ಕಿವಿ ಪರೀಕ್ಷೆಗೆಂದು ಎರಡು ಸಲ ದಿನ ಗೊತ್ತುಮಾಡಿದಳು. ಎರಡು ಸಲವೂ ಚೆನ್ನಪ್ಪಣ್ಣನಿಗೆ ತಪ್ಪಿಸಲಾಗದ ಕೆಲಸ ಬಂತು.

ಹೀಗಿರುವಾಗಲೇ ಸೈಮನ್ನರ ಸಂಗತಿ ನಡೆಯಿತು. ಬೇಕರಿಯ ಸೈಮನ್ ಹಳೆಯ ಗಿರಾಕಿ. ಬೆಳಿಗ್ಗೆ ವ್ಯಾನು ಹೊರಡಿಸುವಾಗ ಕೀರಲು ಸದ್ದು ಬರುತ್ತದೆ ಎಂದು ಬಂದಿದ್ದರು. ಚೆನ್ನಪ್ಪಣ್ಣ ಎಂಜಿನಿನ ಮೇಲೆ ಬಗ್ಗಿ, ತಲೆ ಓರೆ ಮಾಡಿ ಆಲಿಸಿ, ಯಾವ ಸದ್ದೂ ಇಲ್ಲ ಎಂದು ಕಳುಹಿಸಿದರು. ಮೂರನೆಯ ದಿನ ಕೂಳೂರು ಸೇತುವೆಯ ನಟ್ಟನಡುವೆ ವ್ಯಾನಿನ ಬೆಲ್ಟು ಹರಿದು, ಹಿಂದಿನ ಗಾಡಿಗಳೆಲ್ಲ ಹಾರನ್ ಹೊಡೆದು ಊರು ಒಂದು ಮಾಡಿದವು. ಸೈಮನ್ ಬಯ್ಯಲಿಲ್ಲ, ಜಗಳಕ್ಕೆ ಬರಲಿಲ್ಲ. ಆಮೇಲೆ ಗ್ಯಾರೇಜಿಗೂ ಬರಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಚೆನ್ನಪ್ಪಣ್ಣನಿಗೆ ಎಷ್ಟೋ ಸಲ ಅನ್ನಿಸಿತು.

ಮಳೆ ಹಿಂದೆ ಸರಿದು ಬಿಸಿಲು ಚುರುಗುಟ್ಟತೊಡಗಿದ ಒಂದು ಅಕ್ಟೋಬರ್ ಬೆಳಿಗ್ಗೆ ದೇರೆಬೈಲಿನ ಶಶಿಪ್ರಭಾ ಶೆಟ್ಟಿ ತಮ್ಮ ಹಸಿರು ಕಾರನ್ನು ಶೆಡ್ಡಿನ ಮುಂದೆ ತಂದು ನಿಲ್ಲಿಸಿದರು. ಎರಡೇ ಸೀಟು, ಮಡಚಿ ಹಿಂದಕ್ಕೆ ಸರಿಸುವ ಬಟ್ಟೆಯ ಮಾಡು, ಮೂವತ್ತು ವರ್ಷ ಹಳೆಯ ವಿದೇಶಿ ಸ್ಪೋರ್ಟ್ಸ್ ಕಾರು. ಶಶಿಪ್ರಭಾ ಮನೆಯ ಹೋಟೆಲಿನ ಅಡುಗೆಕೋಣೆಯನ್ನು ಮೂವತ್ತೆರಡು ವರ್ಷ ನೋಡಿಕೊಂಡವರು, ಡ್ರೈವಿಂಗ್ ಕಲಿತದ್ದು ಐವತ್ತೆರಡಕ್ಕೆ. ಐವತ್ತೊಂಬತ್ತಕ್ಕೆ, ಅಂದರೆ ಎರಡು ತಿಂಗಳ ಹಿಂದೆಯಷ್ಟೇ, ಕದ್ರಿಯ ನಿವೃತ್ತ ಹಡಗಿನ ಕ್ಯಾಪ್ಟನ್ ಒಬ್ಬರ ಶೆಡ್ಡಿನಲ್ಲಿ ಆರು ವರ್ಷದಿಂದ ಮುಸುಕು ಹಾಕಿಕೊಂಡು ಕುಳಿತಿದ್ದ ಈ ಕಾರನ್ನು ನೋಡಿ, ಮನೆಯಲ್ಲಿ ಯಾರನ್ನೂ ಕೇಳದೆ ಕೊಂಡರು. ಗಂಡ ಮೋಹನದಾಸರಿಗೆ ಮೊಣಕಾಲು ಮಡಚಲಾಗದ ಕಾರಣ ಅದರೊಳಗೆ ಕೂರುವುದಕ್ಕೇ ಆಗುವುದಿಲ್ಲ. ಅವರು ಗೇಟಿನ ಹತ್ತಿರ ನಿಂತು ಕೈಬೀಸುತ್ತಾರೆ. ಮಗ ಶೋಭಿತ್ ಮಾತ್ರ ಮಾರಿಬಿಡಿ ಎಂದು ಹಟ ಹಿಡಿದಿದ್ದ. ಅವನ ಹಟಕ್ಕೆ ಈಗ ಒಂದು ಕಾರಣವೂ ಸಿಕ್ಕಿತ್ತು. ಸ್ವಲ್ಪ ದೂರ ಓಡಿಸಿದ ಮೇಲೆ ಸೀಟಿನ ಹಿಂದೆ, ಪೆಟ್ರೋಲ್ ಟ್ಯಾಂಕಿನ ಕಡೆಯಿಂದ ಸಪೂರ ಸದ್ದೊಂದು ಏಳುತ್ತಿತ್ತು. ದೊಡ್ಡ ವರ್ಕ್‌ಶಾಪೊಂದರಲ್ಲಿ ತೋರಿಸಿದಾಗ, ಟ್ಯಾಂಕಿನೊಳಗಿನ ಪಂಪು ಹೋಗಿದೆ, ಹೊರದೇಶದಿಂದ ತರಿಸಬೇಕು, ಸಿಕ್ಕಿದರೆ ಸಿಕ್ಕಿತು ಎಂದಿದ್ದರು.

ಶಶಿಪ್ರಭಾ ಎಂಜಿನನ್ನು ಆರಿಸದೆ, ಈಗ ಬರುತ್ತಿದೆ ನೋಡಿ ಎಂದರು. ಚೆನ್ನಪ್ಪಣ್ಣ ಟ್ಯಾಂಕಿನ ಬಳಿ ಕಿವಿಯಿಟ್ಟರು. ಎಂಜಿನಿನ ಗುಡುಗುಡು, ಸೈಲೆನ್ಸರಿನ ಉಸಿರು, ಅಷ್ಟೇ. ಹೌದು, ಕೇಳ್ತದೆ ಎಂದರು. ಕಾರನ್ನು ಎರಡು ದಿನ ಬಿಟ್ಟು ಹೋಗಿ ಎಂದರು.

ಆ ಎರಡು ದಿನ ಅವರು ಬೇರೆ ಗಾಡಿ ಮುಟ್ಟಲಿಲ್ಲ. ಸ್ಕ್ರೂಡ್ರೈವರನ್ನು ಎಲುಬಿಗೆ ಒತ್ತಿ ನೋಡಿದರು. ಅದುರುವುದು ಗೊತ್ತಾಯಿತು, ಸದ್ದು ಗೊತ್ತಾಗಲಿಲ್ಲ. ಪೆಟ್ರೋಲ್ ಪೈಪಿಗೆ ಒತ್ತಡದ ಗೇಜು ಜೋಡಿಸಿದರು. ಮುಳ್ಳು ಇರಬೇಕಾದಲ್ಲೇ ಇತ್ತು. ಪಂಪಿಗೆ ಹೋಗುವ ಕರೆಂಟು ಅಳೆದರು, ಅದೂ ಸರಿ. ಹಾಳಾದ ಪಂಪಿನ ಲೆಕ್ಕ ಹೀಗೆ ಸರಿಯಾಗಿ ಕೂರುವುದಿಲ್ಲ. ಆದರೆ ಇದೆಲ್ಲ ಕಾರು ತಣ್ಣಗೆ ನಿಂತಿದ್ದಾಗಿನ ಮಾತು. ಸದ್ದು ಬರುವುದು ಓಡಿಸಿದ ಮೇಲೆ, ಮತ್ತು ಬಂದರೆ ಬಂತೆಂದು ಅವರಿಗೆ ತಿಳಿಯಬೇಕಲ್ಲ. ಪಂಪು ಹೋಗಿದೆ, ವರ್ಕ್‌ಶಾಪಿನವರು ಹೇಳಿದ್ದೇ ಸರಿ ಎಂದುಬಿಟ್ಟರೆ ಮುಗಿಯಿತು. ಯಾರೂ ತಪ್ಪು ಹಿಡಿಯುವುದಿಲ್ಲ. ಕಾರು ತಿಂಗಳುಗಟ್ಟಲೆ ನಿಲ್ಲುತ್ತದೆ, ಶೋಭಿತ್ ಅದನ್ನು ಮಾರಿಸುತ್ತಾನೆ. ಆ ಮಾತು ಎರಡು ಸಲ ನಾಲಿಗೆಯ ತುದಿಗೆ ಬಂತು. ಫೋನನ್ನೂ ಕೈಗೆತ್ತಿಕೊಂಡರು. ಕೊನೆಗೆ ಅವರು ಫೋನಿನಲ್ಲಿ ಹೇಳಿದ್ದು, ನಾಳೆ ಬೆಳಿಗ್ಗೆ ಒಮ್ಮೆ ಬನ್ನಿ ಎಂದು ಮಾತ್ರ.

ಶಶಿಪ್ರಭಾ ಆಟೋದಲ್ಲಿ ಬಂದಿಳಿದರು. ಚೆನ್ನಪ್ಪಣ್ಣ ಅವರಿಗೆ ಸ್ಟೂಲು ಕೊಟ್ಟು, ತಾವು ಕೈ ಒರೆಸುವ ಬಟ್ಟೆಯನ್ನು ಮಡಚುತ್ತಾ ಬಿಚ್ಚುತ್ತಾ ನಿಂತರು.

"ಶಶಿಯಕ್ಕ, ಮೊನ್ನೆ ನಾನು ಸುಳ್ಳು ಹೇಳಿದೆ. ಆ ಸದ್ದು ನನಗೆ ಕೇಳಿಲ್ಲ. ಸಪೂರ ಸದ್ದು ಯಾವುದೂ ಈಗ ನನಗೆ ಕೇಳುವುದಿಲ್ಲ."

ಹೆಂಡತಿಗೂ ಬಾಯಿಬಿಟ್ಟು ಹೇಳದ ಮಾತು ಅದು. ಹೇಳಿದ ಮೇಲೆ ಅವರು ನೆಲ ನೋಡಿದರು. ಶಶಿಪ್ರಭಾ ಕಾರಿನ ಕೀ ಕೇಳುತ್ತಾರೆ, ತೆಗೆದುಕೊಂಡು ಹೋಗುತ್ತಾರೆ ಎಂದೇ ಲೆಕ್ಕ ಹಾಕಿದ್ದರು. ಶಶಿಪ್ರಭಾ ಸ್ಟೂಲನ್ನು ಕಾರಿನ ಹತ್ತಿರಕ್ಕೆ ಎಳೆದುಕೊಂಡರು.

"ನನಗೆ ಕೇಳ್ತದಲ್ಲ ಚೆನ್ನಪ್ಪಣ್ಣ. ಎಂತ ಕೇಳ್ಬೇಕು ಅಂತ ನೀವು ಹೇಳಿ. ನಾನು ಕೇಳ್ತೇನೆ."

ಅದು ಅವರ ತಲೆಗೆ ಹೊಳೆದೇ ಇರಲಿಲ್ಲ. ನಲವತ್ತೈದು ವರ್ಷದ ಕೆಲಸದಲ್ಲಿ ಗಿರಾಕಿಯ ಕಿವಿಯನ್ನು ಅವರು ಎಂದೂ ಲೆಕ್ಕಕ್ಕೆ ತೆಗೆದುಕೊಂಡವರಲ್ಲ.

ಗೇಜಿಗೆ ಉದ್ದದ ಪೈಪು ಜೋಡಿಸಿ, ಬಾನೆಟ್ಟಿನ ಸಂದಿಯಿಂದ ಹೊರಗೆ ತಂದು, ಗಾಜಿನ ಹೊರಮೈಗೆ ವೈಪರಿನ ಕೆಳಗೆ ಭದ್ರವಾಗಿ ಕಟ್ಟಿದರು. ಪೆಟ್ರೋಲು ಸೋರಿದರೂ ಕಾರಿನೊಳಗೆ ಬರಬಾರದಲ್ಲ. ಶಶಿಪ್ರಭಾ ಓಡಿಸುವುದು, ಚೆನ್ನಪ್ಪಣ್ಣ ಪಕ್ಕದಲ್ಲಿ ಕುಳಿತು ಮುಳ್ಳು ನೋಡುವುದು. ಸದ್ದು ಶುರುವಾದ ಕೂಡಲೇ ಶಶಿಪ್ರಭಾ ಸ್ಟೇರಿಂಗಿನ ಮೇಲಿರುವ ಎಡಗೈಯ ಒಂದು ಬೆರಳು ಎತ್ತಬೇಕು, ನಿಂತರೆ ಇಳಿಸಬೇಕು. ಹೀಗೆಂದು ಗೊತ್ತುಮಾಡಿಕೊಂಡು ಹೊರಟರು.

ನಂತೂರು ದಾಟಿದರು, ಕೆಪಿಟಿ ಸರ್ಕಲ್ ದಾಟಿದರು. ಬೆರಳು ಏಳಲಿಲ್ಲ, ಮುಳ್ಳು ಅಲುಗಲಿಲ್ಲ. ಕೊಟ್ಟಾರ ಚೌಕಿಯ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತು ಹೊರಟಾಗ ಬೆರಳು ಮೇಲೆದ್ದಿತು. ಚೆನ್ನಪ್ಪಣ್ಣ ಗೇಜು ನೋಡಿದರು. ಇಷ್ಟು ಹೊತ್ತು ಕಲ್ಲಿನ ಹಾಗೆ ನಿಂತಿದ್ದ ಮುಳ್ಳು ನಡುಗತೊಡಗಿತ್ತು.

ಸದ್ದು ಯಾವ ತರಹ ಉಂಟು ಎಂದು ಅವರು ಕೇಳಿದರು. ಶಶಿಪ್ರಭಾ ತಲೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ಆಲಿಸಿದರು.

"ಶುರುವಿಗೆ ಸೊಳ್ಳೆಯ ಹಾಗೆ ಇತ್ತು. ಈಗ ನೀರು ಹಾಕದೆ ಮಿಕ್ಸಿಯಲ್ಲಿ ತೆಂಗಿನಕಾಯಿ ಅರೆದರೆ ಹೇಗೆ, ಹಾಗೆ. ಬ್ಲೇಡು ಸುಮ್ಮನೆ ತಿರುಗ್ತದೆ, ಒಳಗೆ ಎಂತದೂ ಸಿಕ್ಕುವುದಿಲ್ಲ."

ಚೆನ್ನಪ್ಪಣ್ಣ ಸೀಟಿನಲ್ಲಿ ನೆಟ್ಟಗಾದರು. ಪಂಪು ಸವೆದು ಕೂಗುವುದು ಬೇರೆ, ಕುಡಿಯಲು ಸಿಗದೆ ಕೂಗುವುದು ಬೇರೆ. ಟ್ಯಾಂಕಿನಲ್ಲಿ ಮುಕ್ಕಾಲು ಪಾಲು ಪೆಟ್ರೋಲು ಇದೆ. ಇದ್ದೂ ಪಂಪಿನ ಬಾಯಿಗೆ ಸಿಗುತ್ತಿಲ್ಲ ಎಂದರೆ ಅದನ್ನು ಯಾವುದೋ ಹಿಂದಕ್ಕೆ ಹಿಡಿದಿದೆ. ಕೂಳೂರು ಸೇತುವೆಗೆ ಮೊದಲು ಕಾರನ್ನು ಬದಿಗೆ ಹಾಕಿಸಿ, ಎಂಜಿನ್ ಆರಿಸಬೇಡಿ ಎಂದು ಹೇಳಿ ಕೆಳಗಿಳಿದರು. ಹಿಂದೆ ಹೋಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ತಿರುಗಿಸಿದರು. ಅದು ಸುಲಭಕ್ಕೆ ಬರಲಿಲ್ಲ. ಬಂದಾಗ ಗಾಳಿ ಎಷ್ಟು ಜೋರಾಗಿ ಒಳಕ್ಕೆ ನುಗ್ಗಿತೆಂದರೆ, ಬಾಯಿಗೆ ಅಡ್ಡ ಹಿಡಿದಿದ್ದ ಅವರ ಅಂಗೈಯನ್ನು ಟ್ಯಾಂಕು ಚೀಪಿ ಹಿಡಿಯಿತು. ಕೈ ಕಿತ್ತು ತಲೆಯೆತ್ತಿ ನೋಡಿದರು. ಸ್ಟೇರಿಂಗಿನ ಮೇಲೆ ಬೆರಳು ಕೆಳಗಿಳಿದಿತ್ತು.

"ನಿಂತಿತು," ಎಂದರು ಶಶಿಪ್ರಭಾ.

ಒಂದೇ ಸಲದ್ದನ್ನು ನಂಬುವ ಮನುಷ್ಯ ಅಲ್ಲ ಚೆನ್ನಪ್ಪಣ್ಣ. ಮುಚ್ಚಳ ಬಿಗಿದು, ಸೇತುವೆ ದಾಟಿ ಪಣಂಬೂರಿನವರೆಗೆ ಹೋಗಿ ತಿರುಗಿ ಬಂದರು. ಬರುವಾಗ ಬೆರಳು ಪುನಃ ಎದ್ದಿತು, ಮುಳ್ಳು ಪುನಃ ನಡುಗಿತು, ಮುಚ್ಚಳ ತೆಗೆದಾಗ ಎರಡೂ ಶಾಂತವಾದವು. ರಸ್ತೆಬದಿಯಲ್ಲಿ ಎಳನೀರಿನ ಬೊಂಡ ಕುಡಿಯುತ್ತಾ ಚೆನ್ನಪ್ಪಣ್ಣ ವಿಷಯ ಬಿಡಿಸಿ ಹೇಳಿದರು. ಎಣ್ಣೆಯ ಡಬ್ಬಿಗೆ ಒಂದೇ ತೂತು ಕೊರೆದರೆ ಎಣ್ಣೆ ನಿಂತು ನಿಂತು ಬೀಳುತ್ತದೆ. ಗಾಳಿಗೆ ಇನ್ನೊಂದು ತೂತು ಬೇಕು. ಪೆಟ್ರೋಲು ಖರ್ಚಾದಷ್ಟೂ ಟ್ಯಾಂಕಿನೊಳಗೆ ಗಾಳಿ ಹೋಗಬೇಕು, ಅದಕ್ಕೊಂದು ಸಣ್ಣ ನಳಿಗೆ ಇರುತ್ತದೆ. ಈ ಕಾರಿನಲ್ಲಿ ಅದು ಎಲ್ಲಿಯೋ ಕಟ್ಟಿಕೊಂಡಿದೆ. ಮುಚ್ಚಳವಾದರೂ ಕಾರಿನ ಸ್ವಂತದ್ದಾಗಿದ್ದರೆ ಸ್ವಲ್ಪ ಗಾಳಿ ಬಿಡುತ್ತಿತ್ತು. ಇದು ಬೇರೆ ಯಾವುದೋ ಗಾಡಿಯದ್ದು, ಗಾಳಿಯಾಡದ್ದು. ಪಂಪು ಪಾಪ ಸರಿಯೇ ಉಂಟು, ಉಸಿರು ಕಟ್ಟಿ ಕೂಗುವುದು.

ಶೆಡ್ಡಿಗೆ ಬಂದು ಕಾರನ್ನು ಎತ್ತಿ, ಹಿಂದಿನ ಚಕ್ರದ ಒಳಬದಿಯಲ್ಲಿ ಆ ನಳಿಗೆಯ ತುದಿಯನ್ನು ಹುಡುಕಿದರು. ತಂತಿ ಹಾಕಿ ಕೆದಕಿದಾಗ ಒಣಗಿದ ಕೆಂಪು ಮಣ್ಣು ಉದುರಿತು, ಅದರ ಹಿಂದೆ ಇನ್ನಷ್ಟು ಮಣ್ಣು. ಕ್ಯಾಪ್ಟನ್ನರ ಶೆಡ್ಡಿನಲ್ಲಿ ಆರು ವರ್ಷ ಸುಮ್ಮನೆ ನಿಂತಿದ್ದಾಗ ಕಣಜವೊಂದು ಅಲ್ಲಿ ಗೂಡು ಕಟ್ಟಿ, ಮರಿ ಮಾಡಿ, ಬಾಗಿಲು ಮುಚ್ಚಿ ಹೋಗಿತ್ತು. ಮುಕ್ಕಾಲು ಗಂಟೆಯ ಕೆಲಸ. ಶಶಿಪ್ರಭಾ ಆ ಮಣ್ಣನ್ನು ಪೇಪರಿನಲ್ಲಿ ಕಟ್ಟಿಕೊಂಡರು. ಹೊರದೇಶದಿಂದ ತರಿಸಬೇಕಾದ ಪಂಪು ಇದು ಎಂದು ಮಗನಿಗೆ ತೋರಿಸಬೇಕಂತೆ.

ಹೊರಡುವಾಗ ಅವರು ಕಿವಿಯ ಮಾತು ಎತ್ತಿದರು. ಡಾಕ್ಟರಿಗೆ ಯಾಕೆ ತೋರಿಸಿಲ್ಲ ಎಂದು ಕೇಳಿದರು. ಚೆನ್ನಪ್ಪಣ್ಣನೂ ಮುಚ್ಚುಮರೆ ಮಾಡಲಿಲ್ಲ. ಕಿವಿಗೆ ಮೆಶಿನು ಇಟ್ಟುಕೊಂಡ ಮೆಕ್ಯಾನಿಕ್ಕಿನ ಕೈಗೆ ಯಾರು ಗಾಡಿ ಕೊಡ್ತಾರೆ ಎಂದರು.

ಶಶಿಪ್ರಭಾ ಸೀಟಿನಲ್ಲಿ ಕುಳಿತು ಬೆಲ್ಟು ಹಾಕಿಕೊಂಡರು. "ನಾನು ಕನ್ನಡಕ ಹಾಕಿಯೇ ಕಾರು ಬಿಡುವುದು. ಪಣಂಬೂರಿನವರೆಗೆ ನೀವು ಪಕ್ಕದಲ್ಲಿ ಕೂತಿದ್ರಿ. ಹೆದರಿ ಇಳಿಯಲಿಲ್ಲವಲ್ಲ."

ಆ ಸಂಜೆ ಚೆನ್ನಪ್ಪಣ್ಣ ಮಗಳು ಭವ್ಯಶ್ರೀಗೆ ತಾವಾಗಿಯೇ ಫೋನ್ ಮಾಡಿದರು. ಆ ವಾರವೇ ಆಸ್ಪತ್ರೆಯಲ್ಲಿ ಕಿವಿಯ ಪರೀಕ್ಷೆ ಮಾಡಿದ ಹುಡುಗಿ ಕಾಗದದ ಮೇಲಿನ ಗೆರೆ ತೋರಿಸಿ, ದಪ್ಪ ಸದ್ದುಗಳೆಲ್ಲ ಸರಿ ಉಂಟು, ಸಪೂರದವು ಮಾತ್ರ ಹೋಗಿವೆ, ಹೋದದ್ದು ಪೂರ್ತಿ ಮರಳುವುದಿಲ್ಲ, ಆದರೆ ಮೆಶಿನು ತುಂಬ ಸಹಾಯ ಮಾಡುತ್ತದೆ ಎಂದಳು. ಚೆನ್ನಪ್ಪಣ್ಣ ಆ ಗೆರೆಯನ್ನು ಗೇಜಿನ ಮುಳ್ಳು ನೋಡುವ ಹಾಗೆ ನೋಡಿದರು. ರೋಗ ಇಂಥದ್ದು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಇದನ್ನು ಅವರು ನೂರಾರು ಗಿರಾಕಿಗಳಿಗೆ ಹೇಳಿದ್ದರು.

ಸೈಮನ್ನರಿಗೂ ಫೋನ್ ಮಾಡಿ ತಪ್ಪು ನನ್ನದೇ, ಕಿವಿಯದ್ದು ಹೀಗೆ ಎಂದು ಹೇಳಿದರು. ಆ ಕಡೆಯಿಂದ, ನನಗೆ ಆವತ್ತೇ ಗೊತ್ತಾಗಿತ್ತು ಮಾರಾಯ್ರೆ, ಹೇಳಿದರೆ ನಿಮಗೆ ಬೇಸರ ಆಗ್ತದೆ ಅಂತ ಬರಲಿಲ್ಲ, ಎಂಬ ಉತ್ತರ ಬಂತು.

ಮೆಶಿನು ಹಾಕಿದ ಮೊದಲ ವಾರ ಪೂರಾ ರಗಳೆ. ಕಾಗೆಗಳು ಇಷ್ಟು ಕೆಟ್ಟದಾಗಿ ಕೂಗುತ್ತವೆಂದು ಅವರು ಮರೆತೇಬಿಟ್ಟಿದ್ದರು. ವಾರಿಜ ಪಾತ್ರೆ ತೊಳೆಯಲು ಹೊರಟರೆ ಅಂಗಳಕ್ಕೆ ಓಡುತ್ತಿದ್ದರು. ಶೆಡ್ಡಿನಲ್ಲಿ ಗ್ರೈಂಡರ್ ಹಿಡಿಯುವಾಗ ಮೆಶಿನು ತೆಗೆದಿಟ್ಟು, ಬದಲಿಗೆ ಕಿವಿ ಮುಚ್ಚುವ ಮಫ್ ಹಾಕಬೇಕು. ಬಸ್ ಶೆಡ್ಡಿನ ಕಾಲದ ಕಿವಿ ಮರಳಿ ಬರಲಿಲ್ಲ. ಕೆಲವು ಸದ್ದುಗಳು ಬಂದವು, ಕೆಲವು ಬರಲಿಲ್ಲ.

ಡಿಸೆಂಬರಿನಲ್ಲಿ ಡೈಸಿ ಎಂಬ ಟೀಚರೊಬ್ಬರು ಸ್ಕೂಟರ್ ತಂದು, ಬ್ರೇಕ್ ಹಿಡಿಯುವಾಗ ಎಂತದೋ ಸದ್ದು ಎಂದರು. ಚೆನ್ನಪ್ಪಣ್ಣ ಕೂಡಲೇ ಬಗ್ಗಲಿಲ್ಲ. ಸ್ಟೂಲು ಎಳೆದು ಕೊಟ್ಟು, ಯಾವ ತರಹದ ಸದ್ದು, ಒಮ್ಮೆ ನೀವೇ ಮಾಡಿ ತೋರಿಸಿ ಎಂದರು. ಟೀಚರು ನಾಚಿ ಅತ್ತಿತ್ತ ನೋಡಿ, ಆಮೇಲೆ ಹಲ್ಲು ಕಚ್ಚಿ ಉದ್ದಕ್ಕೆ ಒಂದು ಸದ್ದು ಮಾಡಿದರು. ಚೆನ್ನಪ್ಪಣ್ಣ ತಲೆ ಓರೆ ಮಾಡಿ, ಕಣ್ಣು ಮುಚ್ಚಿ ಕೇಳಿ, ಇನ್ನೊಂದು ಸಲ, ಈಗ ಸ್ವಲ್ಪ ನಿಧಾನಕ್ಕೆ ಎಂದರು.