ಬೆಟಗೇರಿಯ ಮೇಲಿನ ಸಣ್ಣ ಚುಕ್ಕಿ

ಗದಗಿನ ಒಂದು ಸಂಗ್ರಹಾಲಯದಲ್ಲಿರುವ ಹಳೆಯ ಕೈಮಗ್ಗದ ಸೀರೆಗಳು ಯಾವ ಯಾವ ಊರಿನಿಂದ ಬಂದವೆಂದು ಕಂಪ್ಯೂಟರಿನಲ್ಲಿ ನಕ್ಷೆ ಮಾಡಿದ್ದೆ. ಸೀರೆ ಹೆಚ್ಚಿದ್ದಷ್ಟೂ ಚುಕ್ಕಿ ದೊಡ್ಡದು. ಲಕ್ಷ್ಮೇಶ್ವರದ ಮೇಲೆ ರೊಟ್ಟಿಯಷ್ಟು ದೊಡ್ಡ ಚುಕ್ಕಿ ಬಿತ್ತು, ಬೆಟಗೇರಿಯ ಮೇಲೆ ಸಾಸಿವೆ ಕಾಳಿನಷ್ಟು. ನಾನು ಧೈರ್ಯವಾಗಿ 'ಸೀರೆ ನೇಯ್ದ ಊರುಗಳು' ಎಂದು ತಲೆಬರಹ ಕೊಟ್ಟೆ.

ಸಂಗ್ರಹಾಲಯಕ್ಕೆ ಬಂದಿದ್ದ ಬೆಟಗೇರಿಯ ನೇಕಾರ ಅಜ್ಜಿಯೊಬ್ಬರು ಅದನ್ನು ನೋಡಿ ನಕ್ಕುಬಿಟ್ಟರು.

"ತಮ್ಮಾ, ಈ ಸೀರಿ ಯಾರು ಕೊಟ್ಟಾರ?"

"ಉಟ್ಟವರ ಮನಿಯವರು ಕೊಟ್ಟಾರ್ರೀ ಅಮ್ಮಾ."

"ಮತ್ತ? ನೇಯ್ದವರ ಮನ್ಯಾಗ ಸೀರಿ ಉಳೀತಾವೇನು? ಮಗ್ಗದಿಂದ ಇಳಿಸಿದ್ದ ಸೀದಾ ಪೇಟಿಗೆ ಹೋಗತಿತ್ತು. ನಾ ನೇಯ್ದ ಛಲೋ ಸೀರಿ ನಾನ ಒಂದೂ ಉಟ್ಟಿಲ್ಲ."

ಆಮೇಲೆ ಲಕ್ಷ್ಮೇಶ್ವರದ ಸೀರೆಯೊಂದನ್ನು ತೆಗೆಸಿ, ಅಂಚಿನ ಮೇಲೆ ಬೆರಳಾಡಿಸಿದರು. "ಇದು ಬೆಟಗೇರ್ಯಾಗ ನಮ್ಮತ್ತಿ ನೇಯ್ದದ್ದು. ದಡಿಗೆ ಒಂದೆಳಿ ಹೆಚ್ಚಿಗಿ ಹಾಕೋರು ಅವರೊಬ್ಬರ."

ನಾನು ತಲೆಬರಹ ಅಳಿಸಿ 'ಸೀರೆ ಉಟ್ಟ ಊರುಗಳು' ಎಂದು ಬರೆದೆ. ಬೆಟಗೇರಿಯ ಚುಕ್ಕಿಯನ್ನೂ ದೊಡ್ಡದು ಮಾಡಲೇ ಎಂದು ಕೇಳಿದೆ.

"ಬ್ಯಾಡ, ಹಂಗ ಇರಲಿ" ಎಂದರು ಅಜ್ಜಿ, ಸೆರಗು ಸರಿಮಾಡಿಕೊಳ್ಳುತ್ತ. "ನಾವು ನೇಯ್ದದ್ದು ಒಂದೂ ಮಾರದ ಉಳಿದಿಲ್ಲ ಅಂತ ನೋಡಿದವರಿಗೆ ತಿಳೀಲಿ."