ಗಿರಣಿ ಮಲ್ಕಪ್ಪನನ್ನು ಬಲ್ಲವರು

ಸರಸಂಬಾದಲ್ಲಿ ಅಣ್ಣತಮ್ಮಂದಿರು ಬದುವಿನ ಜಗಳಕ್ಕೆ ಬಿದ್ದರೆ ಮೊದಲು ನೆನಪಾಗುವುದು ಪೊಲೀಸ್ ಠಾಣೆಯಲ್ಲ, ಗಿರಣಿ ಮಲ್ಕಪ್ಪ. ಜೋಳ ಬೀಸುವುದನ್ನು ನಿಲ್ಲಿಸಿ, ತೋಳಿನ ಹಿಟ್ಟು ಝಾಡಿಸಿ, ಇಬ್ಬರನ್ನೂ ಬೆಂಚಿನ ಮೇಲೆ ಕೂಡಿಸಿ, ಕೊನೆಗೆ ಯಾರೋ ಒಬ್ಬರ ಬಾಯಿಂದ ತಪ್ಪಾಯ್ತು ಅನ್ನಿಸಿಯೇ ಮನೆಗೆ ಕಳಿಸುತ್ತಾನೆ. ಅರವತ್ತು ದಾಟಿದ ಈ ಮನುಷ್ಯನ ಬಾಯಿಂದ ಆ ಮಾತು ಬಂದದ್ದನ್ನು ಮಾತ್ರ ಯಾರೂ ಕೇಳಿಲ್ಲ. ಕೇಳಬೇಕೆಂದು ಯಾರಿಗೂ ಅನ್ನಿಸಿರಲೂ ಇಲ್ಲ. ಅಷ್ಟು ಸಂಭಾವಿತ ಎಂದು ಊರೇ ಒಪ್ಪಿಕೊಂಡಿತ್ತು.

ಕಳೆದ ವರ್ಷ ತೊಗರಿ ರಾಶಿ ಮುಗಿದ ಮೇಲೆ ಭಾಗ್ಯಜ್ಯೋತಿ ಎಂಬ ಜೇವರ್ಗಿಯ ಹುಡುಗಿ ಊರಿಗೆ ಬಂದಳು. ವಿಶ್ವವಿದ್ಯಾಲಯವಿರುವ ಕಡಗಂಚಿಯಲ್ಲಿ ಕೋಣೆ ಮಾಡಿಕೊಂಡು ಮನಃಶಾಸ್ತ್ರದ ಸಂಶೋಧನೆ ನಡೆಸುತ್ತಿದ್ದಳು. ವ್ಯಕ್ತಿತ್ವದಲ್ಲೇ ತೊಂದರೆ ಇರುವವರನ್ನು ಗುರುತಿಸಲು ವೈದ್ಯರು ಮಾಡುವ ಒಂದು ಉದ್ದನೆಯ ಸಂದರ್ಶನವಿದೆಯಂತೆ. ಅದನ್ನು ಕನ್ನಡಕ್ಕೆ ತಂದಿದ್ದರು. ಈ ಸೀಮೆಯ ಜನರ ಮುಂದಿಟ್ಟಾಗ ಅದು ಹಿಡಿಯಬೇಕಾದ್ದನ್ನೇ ಹಿಡಿಯುತ್ತದೆಯೇ ಎಂದು ನೋಡುವುದು ಅವಳ ಕೆಲಸ. ಅದಕ್ಕೆ ಚಿಕಿತ್ಸೆ ಪಡೆಯುತ್ತಿರುವವರೂ ಬೇಕು, ಯಾವ ಚಿಕಿತ್ಸೆಯೂ ಇಲ್ಲದೆ ತಮ್ಮ ಪಾಡಿಗೆ ತಾವು ಬಾಳುವವರೂ ಬೇಕು. ಪ್ರತಿಯೊಬ್ಬರನ್ನು ಕೇಳಿದ ಮೇಲೆ ಅವರನ್ನು ಹತ್ತಿರದಿಂದ ಬಲ್ಲ ಒಬ್ಬರನ್ನು ಬೇರೆಯಾಗಿ ಕೇಳುತ್ತಾರೆ. ಕೆಲವು ವಾರ ಬಿಟ್ಟು ಇಬ್ಬರನ್ನೂ ಮತ್ತೆ ಕೇಳಿ, ಉತ್ತರಗಳು ಎಷ್ಟು ಕೂಡುತ್ತವೆ ಎಂದು ನೋಡುತ್ತಾರೆ. ಇದು ಪ್ರಶ್ನೆಗಳ ಪರೀಕ್ಷೆ, ನಿಮ್ಮದಲ್ಲ ಎಂದು ಅವಳು ಬಿಡಿಸಿ ಬಿಡಿಸಿ ಹೇಳಿದಳು. ಮಲ್ಕಪ್ಪನ ಕಿವಿ ಅಲ್ಲಿಯತನಕ ಹೋಗಲೇ ಇಲ್ಲ. ಚಿಕಿತ್ಸೆಯಿಲ್ಲದೆ ಬಾಳುವವರ ಎರಡನೇ ಗುಂಪಿಗೆ ತನ್ನನ್ನು ಕರೆದಿದ್ದಾರೆ ಎಂಬಲ್ಲಿಗೇ ಅದು ತುಂಬಿಹೋಗಿತ್ತು.

ಬುದ್ಧಿ ನೆಟ್ಟಗಿದ್ದವರನ್ನು ಸರ್ಕಾರ ಆರಿಸುತ್ತಿದೆ ಎಂದು ಮುಜೀಬನ ಚಹಾದಂಗಡಿಯಲ್ಲಿ ಅವನು ಸುದ್ದಿ ಮಾಡಿದ. ಹಾಗಾದರೆ ನಾವೆಲ್ಲ ಸೊಟ್ಟಗಿದ್ದೇವೆಯೇ ಎಂದು ಮುಜೀಬ ಚೇಷ್ಟೆ ಮಾಡಿದ್ದಕ್ಕೆ, ಅದನ್ನು ಆ ಹುಡುಗಿಯನ್ನೇ ಕೇಳು ಎಂದು ಮೀಸೆ ತಿರುವಿದ.

ಅಂಗನವಾಡಿಯ ಕೋಣೆಯಲ್ಲಿ ಅವನ ಸಂದರ್ಶನ ಚೆನ್ನಾಗಿಯೇ ಆಯಿತು. ನಿಮ್ಮಿಂದ ಯಾರಿಗಾದರೂ ನೋವಾದರೆ ಏನು ಮಾಡುತ್ತೀರಿ ಎಂದು ಕೇಳಿದಾಗ, ನಿಂತ ಕಾಲಲ್ಲೇ ತಪ್ಪು ಒಪ್ಪಿಕೊಳ್ಳಬೇಕು, ಅದರಲ್ಲೇನು ನಾಚಿಕೆ ಎಂದು ಸಣ್ಣ ಭಾಷಣವನ್ನೇ ಕೊಟ್ಟ. ಒಂದು ಉದಾಹರಣೆ ಹೇಳಿ ಅಂದದ್ದಕ್ಕೆ ಎರಡು ಹೇಳಿದ. ಎರಡೂ ಬೇರೆಯವರ ಮನೆಯ ಜಗಳ.

ತನ್ನನ್ನು ಬಲ್ಲವಳೆಂದು ಹೆಂಡತಿ ಗುರುಬಾಯಿಯ ಹೆಸರು ಕೊಟ್ಟ. ಎಡವಟ್ಟಾದದ್ದು ಇಲ್ಲಿ. ನಮ್ಮ ಕಡೆ ಯಾರಾದರೂ ಪೆನ್ನು ಹಿಡಿದು ಮನೆ ಬಾಗಿಲಿಗೆ ಬಂದರೆ ಉತ್ತರ ಒಂದೇ. ಫ್ರಿಜ್ ಇದೆಯೇ? ಇಲ್ರಿ. ಗಾಡಿ ಇದೆಯೇ? ಇಲ್ರಿ. ಬೆನ್ನ ಹಿಂದೆಯೇ ಹೀರೋ ಹೊಂಡಾ ನಿಂತು ನಗುತ್ತಿದ್ದರೂ ಇಲ್ರಿ. ರೇಷನ್ ಕಾರ್ಡು ಉಳಿದದ್ದೇ ಈ ವಿದ್ಯೆಯಿಂದ. ಮಲ್ಕಪ್ಪ ಹೆಂಡತಿಯನ್ನು ಕೂಡಿಸಿಕೊಂಡು ಅದನ್ನೇ ಹೇಳಿಕೊಟ್ಟ. ಸಿಟ್ಟು, ಸಂಶಯ, ಸುಳ್ಳು, ಏನು ಕೇಳಿದರೂ ಇಲ್ರಿ ಅಂದುಬಿಡು ಎಂದ. ಗುರುಬಾಯಿ ತಲೆಯಾಡಿಸಿದಳು.

ಅಂಗನವಾಡಿಯಲ್ಲಿ ಅವಳನ್ನು ಕೇಳುವಾಗ ಒಳಗೆ ಅವನನ್ನು ಬಿಡಲಿಲ್ಲ. ಬೇವಿನ ಗಿಡದ ಕೆಳಗೆ ಕೂತು ಎಲೆಅಡಿಕೆ ಹಾಕಿಕೊಂಡ. ಬರೀ ಇಲ್ರಿ ಅನ್ನುವುದಕ್ಕೆ ಇಷ್ಟು ಹೊತ್ತು ಯಾಕೆ ಎಂದು ಬೇಸರವೂ ಆಯಿತು. ಕೊನೆಗೆ ಗುರುಬಾಯಿ ಹೊರಗೆ ಬಂದವಳು ಸೆರಗು ಸರಿಮಾಡಿಕೊಂಡು ಅವನಿಗಿಂತ ಮುಂದಾಗಿ ಮನೆಯ ದಾರಿ ಹಿಡಿದಳು.

ಮನೆಯಲ್ಲಿ ಬಿಡದೆ ಕೇಳಿದಾಗ ಹೇಳಿದಳು. ಹೇಳಿಕೊಟ್ಟಂತೆ ಎಲ್ಲದಕ್ಕೂ ಇಲ್ರಿ ಅಂದಿದ್ದಳು. ಸಿಟ್ಟಿದೆಯೇ, ಇಲ್ರಿ. ಸಂಶಯವಿದೆಯೇ, ಇಲ್ರಿ. ಗೆಳೆಯರು ಇದ್ದಾರೆಯೇ, ಇಲ್ರಿ. ಯಾರ ಮೇಲಾದರೂ ಪ್ರೀತಿ ಇದೆಯೇ, ಇಲ್ರಿ. ಮಲ್ಕಪ್ಪ ಹಣೆ ಬಡಿದುಕೊಂಡ. ಆ ಹುಡುಗಿಗೂ ತಿಳಿದುಹೋಯಿತಂತೆ. ಪೆನ್ನು ಕೆಳಗಿಟ್ಟು ನಕ್ಕು, ಇದು ಕಾರ್ಡಿನ ಸರ್ವೆ ಅಲ್ಲ ಎಂದು ಹೇಳಿ, ಕುಡಿಯಲು ನೀರು ಕೊಟ್ಟು ಮೊದಲಿಂದ ಶುರುಮಾಡಿದಳಂತೆ. ಆಗ ಗುರುಬಾಯಿ ಮನಸ್ಸಿಗೆ ಬಂದದ್ದನ್ನೇ ಹೇಳಿದಳು. ಗೆಳೆಯರು ಬೇಕಾದಷ್ಟು. ಸಿಟ್ಟು ಒಮ್ಮೊಮ್ಮೆ. ಜಿಪುಣತನವಿಲ್ಲ, ಕುಡಿತವಿಲ್ಲ. ಮಲ್ಕಪ್ಪನ ಉಸಿರು ಸಲೀಸಾಯಿತು.

"ತಪ್ಪು ಮಾಡಿದ್ರ ಒಪ್ಕೊಂತಾರೇನು ಅಂತನೂ ಕೇಳಿದ್ಲು," ಎಂದಳು.

"ಏನಂದಿ?"

"ಇಲ್ರಿ ಅಂದೆ."

"ನಾ ಹೇಳಿಕೊಟ್ಟಿದ್ದು ನೆನಪಾಗಿ ಅಂದ್ಯೇನು?"

"ನೀವು ಹೇಳಿಕೊಟ್ಟಿದ್ದು ಆಗ ನೆನಪೇ ಇರಲಿಲ್ರಿ. ಒಂದು ಉದಾಹರಣೆ ಹೇಳ್ರಿ ಅಂದ್ಲು. ಅವ್ವಂದು ಹೇಳಿದೆ."

ಇಷ್ಟು ಹೇಳಿ ಅವಳು ರೊಟ್ಟಿಗೆ ಹಿಟ್ಟು ನಾದಲು ಹೋದಳು.

ಗುರುಬಾಯಿಯ ತವರು ಅಫಜಲಪುರ ತಾಲೂಕಿನ ಗೊಬ್ಬೂರ. ಅಲ್ಲಿ ಒಂದು ಗೃಹಪ್ರವೇಶದಲ್ಲಿ ಸಣ್ಣ ಅಳಿಯನಿಗೆ ಮೊದಲು ಆಯೇರಿ ಎಂದು ಉಡುಗೊರೆಯ ಧೋತರ ಕೊಟ್ಟು, ಹಿರಿಯ ಅಳಿಯನಾದ ತನಗೆ ಆಮೇಲೆ ಕೊಟ್ಟರೆಂದು ಮಲ್ಕಪ್ಪ ಊಟ ಬಿಟ್ಟು ಎದ್ದು ಬಂದಿದ್ದ. ಅಂದಿನಿಂದ ಆ ಹೊಸ್ತಿಲು ತುಳಿಯಲಿಲ್ಲ, ಹೆಂಡತಿಯನ್ನೂ ಕಳಿಸಲಿಲ್ಲ. ಮುಂದೆ ಅತ್ತೆಗೆ ಬಹಳ ಜಡ್ಡಾಗಿದೆ, ಮಗಳ ಹೆಸರು ಹಿಡಿದು ಕನವರಿಸುತ್ತಿದ್ದಾಳೆ ಎಂದು ಫೋನು ಬಂತು. ಗುರುಬಾಯಿ ಚೀಲ ಕಟ್ಟಿಕೊಂಡು ಕೂತಳು. ಮೊದಲು ಅವರೇ ಬಂದು ಕರೆಯಲಿ ಎಂದು ಮಲ್ಕಪ್ಪ ಗಿರಣಿಗೆ ಹೋದ. ಮರುದಿನ ಇಬ್ಬರೂ ಹೋದಾಗ ಅತ್ತೆಯ ಮಣ್ಣಾಗಿತ್ತು. ಬಸ್ಸು ತಪ್ಪಿತು ಎಂದು ಅವನು ಅಲ್ಲಿ ಹೇಳಿದ, ಇಲ್ಲಿಯೂ ಹೇಳಿದ. ಪಕ್ಕದಲ್ಲಿ ನಿಂತಿದ್ದ ಗುರುಬಾಯಿ ಅದನ್ನು ಸುಳ್ಳು ಅನ್ನಲಿಲ್ಲ. ಆ ದಿನ ಬಸ್ಸುಗಳೆಲ್ಲ ಹೊತ್ತಿಗೆ ಸರಿಯಾಗಿ ಬಂದು ಹೋಗಿದ್ದವು. ಅವಳು ಮರೆತಿದ್ದಾಳೆ ಎಂದೇ ಇವನು ಇಷ್ಟು ವರ್ಷ ತಿಳಿದುಕೊಂಡಿದ್ದ.

ಮಲ್ಕಪ್ಪನಿಗೆ ನಾಚಿಕೆಯಾಯಿತು. ಮೊದಲು ಆದದ್ದು ಜೇವರ್ಗಿಯ ಯಾವುದೋ ಹುಡುಗಿಗೆ ಇದು ಗೊತ್ತಾಯಿತಲ್ಲ ಎಂದು. ಆಡಿದ ಭಾಷಣ ನೆನಪಾಗಿ ಮೈ ಹಿಡಿಯಾಯಿತು. ಸತ್ತ ಮುದುಕಿಯ ನೆನಪಿಗಿಂತ ಮೊದಲು ಅಂಗನವಾಡಿಯ ಹುಡುಗಿಯ ಮುಖ ನೆನಪಾದದ್ದಕ್ಕೆ ಇನ್ನೊಂದು ನಾಚಿಕೆ ಬಂದು ಸೇರಿತು. ಮುಜೀಬನ ಅಂಗಡಿ ಬಿಟ್ಟ. ಜಗಳ ತೆಗೆದುಕೊಂಡು ಬಂದ ಇಬ್ಬರಿಗೆ, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದ. ಅವನಿಗೆ ಮೈಯಲ್ಲಿ ಸರಿಯಿಲ್ಲ ಎಂದು ಜನ ಮಾತಾಡಿಕೊಂಡರು. ಮನೆಯಲ್ಲಿ ಗುರುಬಾಯಿ ಎಂದಿನಂತೆ ಬಡಿಸಿದಳು, ಎಂದಿನಂತೆ ಮಾತಾಡಿದಳು. ಅದನ್ನೇ ಅವನು ತಾಳಲಾರದೆ ಹೋದ.

ಎರಡನೇ ಸಲ ಕೇಳಲು ಗುರುವಾರ ಬರುವುದಾಗಿ ಭಾಗ್ಯಜ್ಯೋತಿ ಫೋನು ಮಾಡಿದಳು. ಬುಧವಾರ ಮಧ್ಯಾಹ್ನ ಕರೆಂಟು ಹೋದದ್ದೇ ತಡ, ಮಲ್ಕಪ್ಪ ಮನೆಗೆ ಬಂದ. ಗುರುಬಾಯಿ ಪಡಸಾಲೆಯಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಅವನು ಹಿಟ್ಟಿನ ಮೈಯಲ್ಲೇ ಎದುರಿಗೆ ನಿಂತ. ಊರವರ ಬಾಯಿಂದೆಲ್ಲ ಹೇಳಿಸಿದ ಮಾತನ್ನು ಈಗ ತಾನೇ ಹೇಳಬೇಕಿತ್ತು.

"ನಿಮ್ಮವ್ವನ ವಿಷಯದಾಗ ನಂದು ತಪ್ಪಾಯ್ತು," ಎಂದ. "ಬಸ್ ತಪ್ಪಿರಲಿಲ್ಲ. ನಾನೇ ಹೊಂಡಲಿಲ್ಲ."

ಮೊರದಲ್ಲಿ ಅವಳ ಕೈ ನಿಂತಿತು. ಅತ್ತರೆ ಅಳಲಿ, ಬೈದರೆ ಬೈಯಲಿ ಎಂದು ಅವನು ಗಟ್ಟಿ ಮಾಡಿಕೊಂಡು ಬಂದಿದ್ದ. ಅವಳು ಎರಡನ್ನೂ ಮಾಡಲಿಲ್ಲ. ಮೊರ ಕೆಳಗಿಟ್ಟು, ತಲೆಯೆತ್ತಿ ಅವನ ಮುಖ ನೋಡಿ ಕೇಳಿದಳು.

"ನಾಳಿಗಿ ಆ ಹುಡುಗಿ ನನ್ನೂ ಕೇಳ್ತಾಳೇನ್ರಿ?"

ಇಷ್ಟು ವರ್ಷ ಬಾರದ ಮಾತು ಇವತ್ತೇ ಯಾಕೆ ಬಂತು ಎಂದು ಮಲ್ಕಪ್ಪ ತನ್ನನ್ನೇ ಕೇಳಿಕೊಂಡ. ನಾಳಿನ ಸಲುವಾಗಿ ಅಲ್ಲ ಎಂದು ಎದೆ ಮುಟ್ಟಿ ಹೇಳಲು ಅವನಿಂದ ಆಗಲಿಲ್ಲ.

"ಹೂಂ. ಇಬ್ಬರ್ನೂ ಕೇಳ್ತಾಳ," ಎಂದು ನೆಲ ನೋಡಿದ.

ಗುರುಬಾಯಿ ಮೊರವನ್ನು ಮತ್ತೆ ಕೈಗೆತ್ತಿಕೊಂಡಳು.

"ಹಂಗಾದ್ರ ಆಕಿ ಕೇಳಿಕೊಂಡು ಹೋಗ್ಲಿ," ಎಂದಳು. "ಆಮ್ಯಾಲ ಹೇಳ್ರಿ."