ಕಾಂಗರೂವಿಗೆಂದು ಬಿಟ್ಟಿದ್ದ ಜಾಗ

ಚನ್ನಗಿರಿಯಿಂದ ಹೊನ್ನಾಳಿ ಎಷ್ಟು ದೂರ? ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಒಂದು ನಿದ್ದೆ ತೆಗೆದರೆ ಊರು ಬಂದಿರುತ್ತದೆ. ಆದರೆ ಕೊಟ್ಟ ಮನೆಯಲ್ಲಿರುವ ತಂಗಿಯನ್ನು ನೋಡಲು ಸುಮ್ಮನೆ ಹೋಗಲಾಗುವುದಿಲ್ಲ, ನೆಪ ಬೇಕು. ಹಾಗಾಗಿ ನಾವಿಬ್ಬರೂ ಮೊಬೈಲಿನ ಒಂದು ಆಟದಲ್ಲಿ ಜೊತೆಯಾಗಿ ಝೂ ಕಟ್ಟಿದೆವು. ಮಧ್ಯಾಹ್ನ ಅವಳು ಹುಲ್ಲು ಹಾಕಿದರೆ ಸಂಜೆ ನಾನು ನೀರಿಡುತ್ತಿದ್ದೆ. ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ನನ್ನ ಗಂಡ ನಗುತ್ತಿದ್ದರು. ನಗಲಿ, ಅವರಿಗೆ ತಂಗಿಯರಿಲ್ಲ.

ಅವಳು ಬಸುರಿಯಾದ ಹೊತ್ತಿಗೆ ಆಟದಲ್ಲಿ ಆಸ್ಟ್ರೇಲಿಯಾದ ಭಾಗ ತೆರೆಯಿತು. ಐದು ಬಗೆಯ ಪ್ರಾಣಿಗಳಿಗಷ್ಟೇ ಜಾಗ, ಆರಿಸಬೇಕಾದವರು ನಾವೇ. ಕೊಆಲಾ, ಎಮು ತಕರಾರಿಲ್ಲದೆ ಸೇರಿದವು. ಕುಳ್ಳಗೆ ದುಂಡಗಿದ್ದ ವೊಂಬ್ಯಾಟ್ ನೋಡಿ, "ಥೇಟ್ ನಿಮ್ಮತ್ತೆ ನಡೆದಂಗೆ ನಡೀತೈತೆ ನೋಡಕ್ಕ" ಎಂದಳು. ಅದೂ ಸೇರಿತು.

ನಾಲ್ಕನೆಯದು ಡಿಂಗೋ, ಅಲ್ಲಿಯ ಕೆಂಬಣ್ಣದ ಕಾಡುನಾಯಿ. ನಾವು ಬಿಳಿಚೋಡಿನಲ್ಲಿ ಕುರಿಗಳ ನಡುವೆ ಬೆಳೆದವರು. ಮುಳ್ಳುಬೇಲಿಯ ರೊಪ್ಪದೊಳಗೆ ಕುರಿ, ಅವುಗಳ ಕಾವಲಿಗೆ ಕೆಂದನೆಯ ನಾಯಿ. ಡಿಂಗೋ ಕಂಡದ್ದೇ ನಮ್ಮ ನಾಯಿಯೇ ಎದುರು ಬಂದಷ್ಟು ಖುಷಿಯಾಗಿ, ಬೇರೆ ಬೋನು ಯಾಕೆಂದು ಎಮುಗಳ ಬೇಲಿಯೊಳಗೇ ಕಾವಲಿಗೆ ಬಿಟ್ಟೆವು. ಮಾರನೆಯ ದಿನ ನೋಡಿದರೆ ಎಮುಗಳೆಲ್ಲ ಒಂದು ಮೂಲೆಗೆ ಒತ್ತಿಕೊಂಡು ನಿಂತಿವೆ, ಒಂದು ಕಾಣೆ.

"ಬೇಲಿನೇ ಎದ್ದು ಹೊಲ ಮೇಯ್ತಲ್ಲೇ!" ಎಂದೆ ಫೋನಿನಲ್ಲಿ.

"ನಗಿಸಬ್ಯಾಡ ಕಣಕ್ಕ, ಒಳಗೆ ಒದೀತೈತೆ" ಎಂದು ಅವಳು ಇನ್ನಷ್ಟು ನಕ್ಕಳು. ಆ ಒದೆತವನ್ನು ಕೈಯಿಟ್ಟು ನೋಡಬೇಕೆಂದು ನನಗೆ ಎಷ್ಟು ಆಸೆಯಾಯಿತೆಂದರೆ, ಹೇಳಲೂ ನಾಚಿಕೆ.

ಐದನೆಯದು ಕಾಂಗರೂ ಎಂದು ಮೊದಲೇ ಗೊತ್ತಿತ್ತು. ಅವಳು ಹೆರಿಗೆಗೆ ಬಂದ ಮೇಲೆ ಪಕ್ಕಪಕ್ಕ ಕೂತು ಅದನ್ನು ಬಿಡೋಣವೆಂದು ಆ ಜಾಗ ಖಾಲಿ ಇಟ್ಟಿದ್ದೆ. ಚೊಚ್ಚಲ ಬಾಣಂತನ ತವರಿನದಲ್ಲವೇ? ಅವ್ವ ಹೋದ ಮೇಲೆ ಅವಳಿಗೆ ಜಡೆ ಹಾಕಿ ಶಾಲೆಗೆ ಕಳಿಸಿದವಳು ನಾನು. ತವರೆಂದರೆ ನನ್ನ ಮನೆಯೇ ಎಂದುಕೊಂಡಿದ್ದೆ. ಹಳೆಯ ಹತ್ತಿ ಸೀರೆಗಳನ್ನು ಒಗೆದು ಮಡಚಿದೆ. ಅಟ್ಟದಿಂದ ತೊಟ್ಟಿಲು ಇಳಿಸಿದೆ. ನಮ್ಮ ಮನೆಯಲ್ಲಿ ಮಗು ಅತ್ತು ಬಹಳ ಕಾಲವಾಗಿತ್ತು.

ಒಂದು ಮಧ್ಯಾಹ್ನ ಅವಳೇ ಫೋನ್ ಮಾಡಿ, "ಕಾಂಗರೂ ಈಗ್ಲೇ ಬಿಡಾನ ಅಕ್ಕ" ಎಂದಳು.

"ನೀನು ಬಂದ್ ಮ್ಯಾಲೆ ಬಿಡಾನ."

"ಬರಾಕೆ ಆಗಲ್ಲಕ್ಕ. ತಾಯಿ ಇಲ್ಲದ ಮನೆಗೆ ಹೆಂಗೆ ಕಳ್ಸಾದು ಅಂತಾರೆ ನಮ್ಮತ್ತೆ. ಇಲ್ಲೇ ಆಗ್ಲಿ ಅಂತ."

"ನಾನಿಲ್ವೇನೇ?"

ನನಗೆ ಸಿಟ್ಟು ಬಂತು. ಅದನ್ನೆಲ್ಲ ರೊಟ್ಟಿಯ ಮೇಲೆ ತೀರಿಸಿಕೊಂಡೆ. ಅಂದು ಒಂದೂ ಹರಿಯದೆ ಹೆಂಚಿಗೆ ಬೀಳಲಿಲ್ಲ.

ಹೊನ್ನಾಳಿಯಲ್ಲೇ ಹೆಣ್ಣು ಮಗು ಹುಟ್ಟಿತು. ನೆಪವೇನೋ ಸಿಕ್ಕಿತು. ಡಬ್ಬಿ ತುಂಬ ಅಂಟಿನುಂಡೆ ಕಟ್ಟಿಕೊಂಡು ಹೋದೆ. ಮಗು ನನ್ನ ಮಡಿಲಲ್ಲೇ ನಿದ್ದೆ ಹೋಯಿತು. ಹಿಡಿದಿದ್ದ ಬೆರಳನ್ನು ಮೆಲ್ಲಗೆ ಬಿಡಿಸಿಕೊಂಡು ಸಂಜೆಯ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಆಟ ತೆರೆದರೆ, ಖಾಲಿ ಜಾಗದಲ್ಲಿ ತಂಗಿ ಕಾಂಗರೂ ಬಿಟ್ಟಿದ್ದಳು. ಅದರ ಹೊಟ್ಟೆಚೀಲದಿಂದ ಮರಿ ಇಣುಕುತ್ತಿತ್ತು. ಆಟದಲ್ಲಿ ಪ್ರಾಣಿಗಳಿಗೆ ನಾವೇ ಹೆಸರಿಡಬಹುದು. ತಾಯಿ ಕಾಂಗರೂವಿಗೆ ಅವಳು 'ದೊಡ್ಡಮ್ಮ' ಎಂದು ಹೆಸರಿಟ್ಟಿದ್ದಳು.

ನನ್ನ ಮಡಿಲಲ್ಲಿ ಡಬ್ಬಿಯಿತ್ತು. ಬರಿದಾಗಿ ಕಳಿಸಬಾರದೆಂದು ಅವಳ ಅತ್ತೆ ಹಾಕಿಕೊಟ್ಟ ಒಂದು ಹಿಡಿ ಅಕ್ಕಿ, ಚನ್ನಗಿರಿ ಬರುವವರೆಗೂ ಅದರೊಳಗೆ ಸದ್ದು ಮಾಡುತ್ತಿತ್ತು.